ಉಮೈಮಾ ಕೆಳಗೆ ನೋಡಲಿಲ್ಲ

ಊರಿಗೆ ಊರೇ ಗುಡ್ಡ ಹತ್ತುತ್ತಿತ್ತು. ಕಂಬಳಿ, ಮಡಕೆ, ಆಡಿನ ಮರಿ, ಅಳುವ ಕೂಸು, ಕೈಲಾಗದ ಮುದುಕರು, ಎಲ್ಲವನ್ನೂ ಹೊತ್ತುಕೊಂಡು, ಎಳೆದುಕೊಂಡು, ಬೈದುಕೊಂಡು. ಮೂರು ದಿನದ ಮಾತು. ಹೋದ ವರ್ಷ ಹುದೈಬಿಯಾದಲ್ಲಿ ಕೂತು ಹೊಸ ಧರ್ಮದವರ ಜೊತೆ ಮಾಡಿಕೊಂಡ ಒಪ್ಪಂದ ಅದು: ಈ ವರ್ಷ ಹಿಂದಿರುಗಿ, ಬರುವ ವರ್ಷ ಬನ್ನಿ, ಕತ್ತಿ ಒರೆಯಲ್ಲಿರಲಿ, ಮೂರು ದಿನ ಮಕ್ಕಾ ಬಿಟ್ಟುಕೊಡುತ್ತೇವೆ, ಕಾಬಾ ಸುತ್ತಿ ನಿಮ್ಮ ಪಾಡಿಗೆ ನೀವು ಹೋಗಿ. ಆ ಬರುವ ವರ್ಷ ಬಂದೇಬಿಟ್ಟಿತ್ತು. ಉತ್ತರಕ್ಕೆ ಹತ್ತು ದಿನದ ದಾರಿಯ ಯಸ್ರಿಬ್‌ನಿಂದ ಎರಡು ಸಾವಿರ ಜನ ಹೊರಟಿದ್ದಾರೆಂದು ಸುದ್ದಿ. ಹೊಸ ಧರ್ಮ ಹಿಡಿದು ಊರು ಬಿಟ್ಟವರು, ಇದೇ ಬೀದಿಗಳ ಧೂಳಿನಲ್ಲಿ ಆಡಿ ಬೆಳೆದವರು, ಅವರಲ್ಲಿ ಎಷ್ಟೋ ಮಂದಿ.

ಉಮೈಮಾ ಎಲ್ಲರಿಗಿಂತ ಹಿಂದೆ ಹತ್ತುತ್ತಿದ್ದಳು. ಕಂಕುಳಲ್ಲಿ ಉಣ್ಣೆಯ ಬುಟ್ಟಿ, ಕೈಯಲ್ಲಿ ಕದಿರು. ನೂಲುವ ಮನಸ್ಸೇನೂ ಇರಲಿಲ್ಲ ಬಿಡಿ. ಕೈಗೊಂದು ಕೆಲಸವಿದ್ದರೆ ತಲೆ ತಗ್ಗಿಸಿ ಕೂರಲು ನೆಪವಾಗುತ್ತದೆಂದು ತಂದಿದ್ದಳು. ಬರುವವರಿಗಿಂತ ಹೆಚ್ಚಾಗಿ ಅವಳು ಹೆದರಿದ್ದು ತನ್ನ ಎರಡು ಕಣ್ಣುಗಳಿಗೆ.

ಯಾಕೆಂದರೆ ಬರುವವರ ನಡುವೆ ಅವಳ ಮಗ ಇಯಾಸ್ ಇದ್ದ. ಏಳು ವರ್ಷದ ಹಿಂದೆ, ಮೀಸೆ ಚಿಗುರುವ ಮೊದಲೇ, ಹೇಳದೆ ಕೇಳದೆ ಯಸ್ರಿಬ್‌ಗೆ ಹೋದವನು. ಅವನು ಹೋಗಿ ಎರಡು ವರ್ಷ ತುಂಬುವುದರೊಳಗೆ ಬದ್ರ್ ಬಾವಿಗಳ ಬಳಿ ಮಕ್ಕಾದವರಿಗೂ ಅವರಿಗೂ ಕಾಳಗವಾಯಿತು. ಅಲ್ಲಿಂದ ತಿರುಗಿ ಬಂದವರು ಒಂದು ಮಾತು ತಂದರು: ಕಲದಾನ ಒಬ್ಬನೇ ಮಗ ನೌಫಲ್ ಬಿದ್ದದ್ದು ಇಯಾಸನ ಈಟಿಗೆ. ಕಲದಾ ಬೇರೆ ಯಾರೂ ಅಲ್ಲ, ಉಮೈಮಾಳ ಒಡಹುಟ್ಟಿದ ಅಣ್ಣ. ಗಂಡ ಸತ್ತಮೇಲೆ ಅವಳು ಇದ್ದದ್ದು ಅವನ ಮನೆಯಲ್ಲೇ. ಹೇಗಿದೆ ನೋಡಿ! ಒಂದೇ ಒಲೆ, ಒಂದು ಪಕ್ಕದಲ್ಲಿ ಕೊಂದವನ ತಾಯಿ, ಇನ್ನೊಂದು ಪಕ್ಕದಲ್ಲಿ ಸತ್ತವನ ತಂದೆ.

ಸುದ್ದಿ ಬಂದ ದಿನ ಕಲದಾ ಊರ ಮುಂದೆ ಆಣೆ ಮಾಡಿದ್ದ. ಕೊಂದವನ ರಕ್ತ ನೋಡುವ ತನಕ ತಲೆಗೆ ಎಣ್ಣೆ ಮುಟ್ಟಿಸುವುದಿಲ್ಲ. ಅಂದಿನಿಂದ ಮುಟ್ಟಿಸಿರಲಿಲ್ಲ. ಕೂದಲು ಜಡೆಗಟ್ಟಿ, ಧೂಳು ಮೆತ್ತಿ, ಹತ್ತಿರ ಹೋದರೆ ವಾಸನೆ ಬರುವ ಹಾಗಾಗಿತ್ತು. ಆದರೆ ತಂಗಿಯ ಮೇಲೆ ಒಂದು ದಿನ ಕೈಯೆತ್ತಲಿಲ್ಲ, ಒಂದು ಕೆಟ್ಟ ಮಾತಾಡಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಇಯಾಸನ ಹೆಸರನ್ನು ಆ ಮನೆಯಲ್ಲಿ ಇಬ್ಬರೂ ಎತ್ತಿರಲಿಲ್ಲ, ಈ ಬೆಳಿಗ್ಗೆಯ ತನಕ.

ಬೆಳಿಗ್ಗೆ ಕಲದಾ ಬಿಲ್ಲಿಗೆ ಹೊಸ ನರ ಕಟ್ಟುತ್ತಾ ಹೇಳಿದ್ದ, "ಉಮೈಮಾ, ಗುಡ್ಡದ ಮೇಲೆ ನನ್ನ ಪಕ್ಕದಲ್ಲೇ ಕೂತ್ಕೋಬೇಕು."

"ಹೆಂಗಸರ ಕಡೆ ಕೂರ್ತೀನಣ್ಣ."

"ನನ್ನ ಪಕ್ಕ ಅಂದೆ. ಅವನು ಹೋದಾಗ ಎಳೆ ಹುಡುಗ. ಈಗ ಗಡ್ಡ ಬಂದಿರುತ್ತೆ. ಎಲ್ಲರೂ ಅದೇ ಎರಡು ಬಿಳೀ ಬಟ್ಟೆ ಸುತ್ಕೊಂಡು ಬರ್ತಾರೆ, ನನ್ನ ಕಣ್ಣೂ ಮೊದಲಿನ ಹಾಗಿಲ್ಲ. ಹೆತ್ತವಳಿಗೆ ಗುರುತು ಸಿಕ್ಕೇ ಸಿಗುತ್ತೆ. ನೀನು ಕೈ ತೋರಿಸೋದೂ ಬೇಡ, ಬಾಯಿ ಬಿಡೋದೂ ಬೇಡ. ನಿನ್ನ ಕಣ್ಣು ಎಲ್ಲಿ ನಿಲ್ಲುತ್ತೋ ಅಷ್ಟು ನೋಡ್ಕೊಂಡ್ರೆ ಸಾಕು ನನಗೆ."

ಉಮೈಮಾ ಅವನ ಕೈಯಲ್ಲಿದ್ದ ಬಿಲ್ಲನ್ನು ನೋಡಿದಳು. "ಒಪ್ಪಂದ ಇದೆಯಲ್ಲಣ್ಣ..."

"ಈ ಪವಿತ್ರ ನೆಲದ ಮೇಲೆ ರಕ್ತ ಸುರಿಸೋಕೆ ನಾನೇನು ಹುಚ್ಚನಾ? ಹೋಗ್ತಾ ಗಡಿಕಲ್ಲು ದಾಟಲಿ. ಆಮೇಲೆ ಒಂದು ಬಾಣ. ಒಪ್ಪಂದ ಮಾಡ್ಕೊಂಡವರು ಯಾರೂ ನನ್ನ ಮಗನ ತಂದೆಯಲ್ಲ."

ಬಾಗಿಲಲ್ಲಿ ನಿಂತಿದ್ದ ಹರ್ಮಲಾ ಕಿಸಕ್ಕೆಂದು ನಕ್ಕ. ಇವನು ಅವರ ಚಿಕ್ಕಪ್ಪನ ಮಗ. ಕೆಲಸ ಕಮ್ಮಿ, ನಾಲಿಗೆ ಜಾಸ್ತಿ. "ಬೇಗ ಮುಗಿಸಪ್ಪಾ ಕಲದಾ. ನಿನ್ನ ಬಿಲ್ಲು ಬಟ್ಟೆ ಒಣಗಿಹಾಕೋಕೆ ಬಲು ಚೆನ್ನಾಗಿದೆ ಅಂತ ಊರೆಲ್ಲ ಆಡ್ಕೋತಿದೆ. ನಮ್ಮ ಕುಲದ ಮಾನ ನಿನ್ನ ತಲೆಕೂದಲಲ್ಲಿ ಸಿಕ್ಕಿಹಾಕ್ಕೊಂಡಿದೆ ನೋಡು."

ಗುಡ್ಡ ಹತ್ತುತ್ತಾ ಉಮೈಮಾ ಯೋಚಿಸಿದಳು. ಅಣ್ಣ ಸಾಮಾನ್ಯದವನಲ್ಲ. ಅವರ ತಾಯಿಯ ಕಡೆಯವರು ಹೆಜ್ಜೆಗುರುತು ಓದುವ ಜನ. ಮರಳಿನ ಮೇಲೊಂದು ಪಾದ ಕಂಡರೆ ಯಾರ ಮಗ, ಹೊತ್ತದ್ದೇನು, ಎಲ್ಲ ಹೇಳುವವರು. ಅಂಥವನ ಮುಂದೆ ತನ್ನ ಮುಖವನ್ನು ಎಲ್ಲಿ ಬಚ್ಚಿಡುವುದು? ಮಗನನ್ನು ಕಂಡರೆ ರೆಪ್ಪೆ ಅಲುಗದೆ ಇರುತ್ತದೆಯೇ? ಏಳು ವರ್ಷ, ತಾಯಿ, ಹೇಳಿ ಮತ್ತೆ! ಕೊನೆಗೆ ಅವಳಿಗೆ ಹೊಳೆದದ್ದು ಒಂದೇ ದಾರಿ. ನೋಡದೇ ಇರುವುದು. ಒಂದೇ ಒಂದು ಸಲವೂ ಕೆಳಗೆ ನೋಡದೇ ಇರುವುದು.

ಕಲದಾ ಚಪ್ಪಟೆ ಬಂಡೆಯೊಂದನ್ನು ಹಿಡಿದ. ಅಲ್ಲಿಂದ ಕಾಬಾ ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತು. ಎಡಕ್ಕೆ ಅವನು, ಹಿಂದೆ ಹರ್ಮಲಾ ಮತ್ತು ಕುಲದ ನಾಲ್ಕಾರು ಗಂಡಸರು. ಬಲಕ್ಕೆ ಪಕ್ಕದ ಮನೆಯ ಹುನೈದಾ ಬಂದು ದೊಪ್ಪೆಂದು ಕೂತಳು. ಹಲ್ಲಿಲ್ಲದ ಮುದುಕಿ, ಬಾಯಿಗೆ ಮಾತ್ರ ಬಿಡುವಿಲ್ಲ.

"ಏನೋ ಕಲದಾ, ಗಾಳಿ ಈ ಕಡೆ ಬೀಸ್ತಾ ಇದೆ, ಆ ಕಡೆ ಕೂತ್ಕೊಳ್ಳೋ ಮಾರಾಯ. ಕಾಬಾದ ಪಾರಿವಾಳ ಎಲ್ಲಾ ಬಿಟ್ಟು ನಿನ್ನ ತಲೇಲಿ ಗೂಡು ಕಟ್ಟಾವು!"

ಯಾರೂ ನಗಲಿಲ್ಲ. ಅಷ್ಟರಲ್ಲಿ ಕಣಿವೆಯ ಬಾಯಿಂದ ದನಿ ಕೇಳಿಸಿತು. ಮೊದಲು ದೂರದ ಜೇನುಗೂಡಿನಂತೆ, ಆಮೇಲೆ ಸ್ಪಷ್ಟವಾಗಿ: ಬಂದೆವು ಒಡೆಯಾ, ಬಂದೆವು. ಎರಡು ಸಾವಿರ ಗಂಟಲು. ಆ ದನಿಗಳಲ್ಲಿ ಒಂದು ತನ್ನ ಮಗನದೆಂದು ನೆನೆದಾಗ ಉಮೈಮಾ ಬಂಡೆಯ ಬಿರುಕಿನಲ್ಲಿದ್ದ ಮುಳ್ಳುಗಿಡವೊಂದನ್ನು ಹಿಡಿದು ನೋಡತೊಡಗಿದಳು. ಏಳು ಎಲೆ. ಒಂದಕ್ಕೆ ಹುಳ ಬಿದ್ದಿತ್ತು. ಎಡಗೆನ್ನೆಯ ಮೇಲೆ ಅಣ್ಣನ ನೋಟ ಬಿಸಿಲಿನಂತೆ ಸುಡುತ್ತಿತ್ತು, ಅಥವಾ ಹಾಗೆಂದು ಅವಳು ತಿಳಿದಳು. ತಿರುಗಿ ನೋಡುವ ಧೈರ್ಯವೆಲ್ಲಿ?

ನೋಡುವ ಕೆಲಸವನ್ನು ಹುನೈದಾ ಇಬ್ಬರ ಪಾಲಿಗೂ ಮಾಡುತ್ತಿದ್ದಳು. "ಅಗೋ ಬಂದ್ರು! ಎಲ್ಲರೂ ಬಲಗಡೆ ಹೆಗಲು ಬಿಟ್ಕೊಂಡಿದ್ದಾರಲ್ಲೇ! ಅಯ್ಯೋ, ಓಡ್ತಾ ಇದ್ದಾರೆ ಕಣೆ, ಕಾಬಾ ಸುತ್ತ ಓಡ್ತಾ ಇದ್ದಾರೆ! ಯಸ್ರಿಬ್ ಜ್ವರ ಇವರನ್ನ ತಿಂದುಹಾಕಿದೆ, ಮೂಳೆ ಚಕ್ಕಳ ಬರ್ತದೆ ಅಂದವರು ಯಾರು? ಜಿಂಕೆ ಜಿಗಿದ ಹಾಗೆ ಜಿಗೀತಾರೆ!"

"ಬೂಟಾಟಿಕೆ," ಅಂದ ಹರ್ಮಲಾ.

"ಇರಬಹುದಪ್ಪ. ಆಚೆ ಮಗ್ಗುಲಿಗೆ, ನಮ್ಮ ಕಣ್ಣಿಗೆ ಮರೆಯಾಗ್ತಾರಲ್ಲ, ಅಲ್ಲಿಂದ ಬರೋದು ತಡ ಆಗ್ತಿದೆ. ಅಲ್ಲಿ ಮೆಲ್ಲಗೆ ನಡೀತಾರೆ ಅಂತ ಕಾಣುತ್ತೆ. ಕಳ್ಳರು! ಈ ಕಡೆ ಬಂದ ಕೂಡಲೆ ಮತ್ತೆ ಓಟ... ಅಯ್ಯಯ್ಯೋ! ಒಬ್ಬ ಬಿದ್ದ! ಸಣಕಲ ಹುಡುಗ, ಮುಗ್ಗರಿಸಿ ಬಿದ್ದೇಬಿಟ್ಟ!"

ಚಿಕ್ಕಂದಿನಲ್ಲಿ ಇಯಾಸ್ ಎಷ್ಟು ಸಲ ಮುಗ್ಗರಿಸುತ್ತಿದ್ದ! ನೂಲು ಪಟ್ಟನೆ ಹರಿದು ಕದಿರು ಕೈಜಾರಿ ಬಂಡೆಯ ಮೇಲೆ ಟಣಟಣ ಉರುಳಿತು. ಉಮೈಮಾ ಕಣ್ಣು ಮುಚ್ಚಿಕೊಂಡಳು. ಎದ್ದನೇ, ಎತ್ತಿದರೇ, ಸತ್ತನೇ? ಒಂದು ಸಲ ತಲೆಯೆತ್ತಿದರೆ ತಿಳಿಯುತ್ತದೆ. ಎತ್ತಲಿಲ್ಲ. ತುಟಿ ಕಚ್ಚಿ ಕಚ್ಚಿ ಬಾಯಲ್ಲಿ ಉಪ್ಪುಪ್ಪು ರುಚಿ.

"ಎದ್ದ, ಎದ್ದ. ಪಕ್ಕದವನು ತೋಳು ಹಿಡ್ಕೊಂಡ," ಅಂದಳು ಹುನೈದಾ.

ಕಲದಾ ಕದಿರನ್ನು ಎತ್ತಿ ತಂದು ತಂಗಿಯ ಮಡಿಲಲ್ಲಿಟ್ಟ. "ಏನಾಯ್ತು?"

"ಕೈ ಬೆವರಿತ್ತು, ಜಾರ್ತು."

"ಹೂಂ," ಅಂದ. ಮತ್ತೆ ಕೆಳಗೆ ನೋಡುತ್ತಾ ಕೂತ.

ಎರಡನೆಯ ದಿನವೂ ಹಾಗೇ. ಹೊತ್ತು ಹೊತ್ತಿಗೆ ಕಾಬಾದ ಮಾಡಿನಿಂದ ಒಬ್ಬರು ಪ್ರಾರ್ಥನೆಗೆ ಕೂಗುವ ದನಿ ಗುಡ್ಡಕ್ಕೆ ತಾಗುತ್ತಿತ್ತು. ಕೇಳಿದಾಗಲೆಲ್ಲ ಹರ್ಮಲಾ ಕಿವಿಗೆ ಬೆರಳಿಡುತ್ತಿದ್ದ. ಉಮೈಮಾ ಏಳು ಎಲೆಯ ಗಿಡ ಬಿಟ್ಟು ಇರುವೆ ಸಾಲಿಗೆ ಬಂದಿದ್ದಳು. ಖರ್ಜೂರ ಬಾಯಿಗಿಟ್ಟರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಲದಾ ಹುರಿದ ಜವೆಗೋಧಿ ಹಿಟ್ಟನ್ನು ಹಾಲಲ್ಲಿ ಕಲಸಿ ಅವಳ ಮುಂದಿಟ್ಟ. "ತಿನ್ನು, ಬಿದ್ದುಹೋಗ್ತೀಯ," ಅಂದ. ಆ ಅಕ್ಕರೆ ನಿಜವೋ, ನಾಳೆ ಬೇಕಾದ ಎರಡು ಕಣ್ಣುಗಳನ್ನು ಜೋಪಾನ ಮಾಡುತ್ತಿದ್ದಾನೋ, ಅವಳಿಗೆ ತಿಳಿಯಲಿಲ್ಲ. ಹೆದರಿಕೆಯಿಂದಲೇ ತಿಂದಳು.

ಬೇಸರ ಕಳೆಯಲು ಹುನೈದಾ ತನ್ನ ಹಳೆಯ ಕತೆ ತೆಗೆದಳು. "ನಾನು ಹೊಸ ಮದುವಣಗಿತ್ತಿ ಆಗಿದ್ದಾಗ ಒಬ್ಬ ಒಂಟೆ ಕಳ್ಳ ಓಡ್ಕೊಂಡು ಬಂದು ನಮ್ಮ ಡೇರೆಯ ಹಗ್ಗ ಹಿಡ್ಕೊಂಡ. ಹಿಂದೇನೆ ಕತ್ತಿ ಹಿರಿದು ಹತ್ತು ಜನ. ಪಾಪ ಅನ್ನಿಸ್ತು ಕಣೆ. ತಲೆವಸ್ತ್ರ ಕಿತ್ತು ಅವನ ಮೇಲೆ ಎಸೆದು, ಇವನಿಗೆ ಅಭಯ ಕೊಟ್ಟಿದ್ದೀನಿ ಅಂತ ಕಿರುಚಿಬಿಟ್ಟೆ. ಮುಗೀತು! ಮನೆ ಹೆಣ್ಣು ಅಭಯ ಕೊಟ್ಟಮೇಲೆ ಗಂಡಸು ಏನ್ಮಾಡ್ತಾನೆ? ನನ್ನ ಗಂಡ ಗೊಣಗುಟ್ಕೊಂಡೇ ಒಂದು ತಿಂಗಳು ಆ ಕಳ್ಳನಿಗೆ ಹಾಲು ಕುಡಿಸಿದ. ಕುಡಿದಿದ್ದು ನಮ್ಮದೇ ಒಂಟೆ ಹಾಲು, ಅವನು ಕದಿಯೋಕೆ ಬಂದಿದ್ದೂ ಅದನ್ನೇ!"

ಈ ಸಲ ಒಂದಿಬ್ಬರು ನಕ್ಕರು. ಉಮೈಮಾ ನಗಲಿಲ್ಲ. ಹೊತ್ತು ಇಳಿಯುತ್ತಿತ್ತು. ಗುಡ್ಡದ ಹಿಂದಿನ ಬಂಡೆಗಳಿಂದ ಗೂಬೆಯೊಂದು ಕೂಗಿತು. ಕಲದಾನ ಮುಖ ಬಿಳುಚಿಕೊಂಡಿತು. ಸೇಡು ತೀರದೆ ಸತ್ತವನ ತಲೆಯಿಂದ ಗೂಬೆ ಹೊರಟು, ಕುಡಿಯಲು ಕೊಡಿ, ಕುಡಿಯಲು ಕೊಡಿ ಎಂದು ಗೋರಿಯ ಮೇಲೆ ಕೂಗುತ್ತದೆಂದು ಯಾರಿಗೆ ತಾನೇ ಗೊತ್ತಿಲ್ಲ?

"ಕೇಳಿಸ್ತಾ ಕಲದಾ?" ಅಂದ ಹರ್ಮಲಾ. "ನಿನ್ನ ಮಗನಿಗೆ ಇನ್ನೂ ಬಾಯಾರಿಕೆ."

ಕಲದಾ ಎದ್ದು ಹೋಗಿ ಕತ್ತಲಾಗುವ ತನಕ ಬೆನ್ನು ತಿರುಗಿಸಿ ನಿಂತಿದ್ದ. ಉಮೈಮಾ ಮಂಡಿಗಳ ನಡುವೆ ಮುಖ ಹುದುಗಿಸಿದಳು. ನೌಫಲನನ್ನು ಅವಳೂ ಎತ್ತಿ ಆಡಿಸಿದವಳು. ಇಯಾಸನ ಜೊತೆ ಒಂದೇ ಬಟ್ಟಲಲ್ಲಿ ಹಾಲು ಕುಡಿದು ಬೆಳೆದ ಮಗು ಅದು. ಅದಕ್ಕಾಗಿ ಅಳಬೇಕೋ, ತನ್ನವನಿಗಾಗಿ ಹೆದರಬೇಕೋ? ಎರಡನ್ನೂ ಒಟ್ಟಿಗೆ ಮಾಡಿದಳು ಪಾಪ.

ಮೂರನೆಯ ದಿನ ಮುಗಿಯಿತು. ಮರುದಿನ ಹೊತ್ತೇರುತ್ತಲೇ ಊರ ಹಿರಿಯರು ಕೆಳಗೆ ಹೇಳಿಕಳಿಸಿದರು: ಗಡುವು ತೀರಿತು, ಹೊರಡಿ. ಜಗಳವಿಲ್ಲ, ಗಲಾಟೆಯಿಲ್ಲ, ಕೆಳಗೆ ಗಂಟುಮೂಟೆ ಕಟ್ಟುವ ಸದ್ದು, ಒಂಟೆಗಳ ಗುರುಗುಟ್ಟುವಿಕೆ. ಗುಡ್ಡದ ಮೇಲೆ ಜನರೆಲ್ಲ ಉಸಿರುಬಿಟ್ಟರು. ಇನ್ನೇನು ಮನೆಗೆ ಹೋಗಬಹುದು.

ಕಲದಾ ಮಾತ್ರ ಬಿಲ್ಲನ್ನು ಹೆಗಲಿಗೇರಿಸಿ ತಂಗಿಯ ಮುಂದೆ ಬಂದು ನಿಂತ. ಅವನ ಹಿಂದೆ ಹರ್ಮಲಾ ಮತ್ತು ಉಳಿದವರು.

"ಎದ್ದೇಳು ಉಮೈಮಾ. ಗುಡ್ಡದ ಬುಡದಲ್ಲೇ ಹಾದುಹೋಗ್ತಾರೆ. ಇದೇ ಕೊನೆ ಸಲ. ಯಾವನು?"

"ಗೊತ್ತಿಲ್ಲಣ್ಣ."

"ಹೆತ್ತವಳಿಗೆ ಗೊತ್ತಿಲ್ವಂತೆ!" ಹರ್ಮಲಾ ಕೈ ತಟ್ಟಿದ. "ಕೇಳಿಸ್ಕೋ ಕಲದಾ! ನಿನ್ನ ಕೈಲಿ ಆಗಲ್ಲ ಅಂದ್ರೆ ಬಿಲ್ಲು ಇತ್ತ ಕೊಡು."

ಕಲದಾ ಗಂಟಲು ಏರಿಸಿದ, ಎಲ್ಲರಿಗೂ ಕೇಳುವ ಹಾಗೆ. "ನೀನು ತೋರಿಸದೆ ಹೋದ್ರೆ ಗಡಿಕಲ್ಲಿನ ಹತ್ರ ಕೈಗೆ ಸಿಕ್ಕಿದವನು. ಅವನ ವಯಸ್ಸಿನ ಯಾವನಾದ್ರೂ ಸರಿ. ಈ ಕಾಬಾದ ಒಡೆಯನಾಣೆ!"

ಉಮೈಮಾ ಎದ್ದು ನಿಂತಳು. ಆ ಗಳಿಗೆಯಲ್ಲಿ ಅವಳ ಮನಸ್ಸಿಗೆ ಒಂದು ಕೆಟ್ಟ ಯೋಚನೆ ಬಂತು. ಬಂದದ್ದನ್ನು ಬಂತೆಂದೇ ಹೇಳಬೇಕು. ಸುಮ್ಮನೆ ಒಬ್ಬನ ಕಡೆ ಬೆರಳು ತೋರಿಸಿದರೆ? ಇಗೋ ಇವನೇ ಅಂದುಬಿಟ್ಟರೆ? ಎರಡು ಸಾವಿರದಲ್ಲಿ ಒಬ್ಬ. ಇಯಾಸ್ ಉಳಿದುಕೊಳ್ಳುತ್ತಾನೆ. ಅವಳ ಬೆರಳು ಏಳಲು ಹೊರಟೂಬಿಟ್ಟಿತ್ತು. ಅಷ್ಟರಲ್ಲಿ ಯಸ್ರಿಬ್‌ನ ಯಾವುದೋ ಮಣ್ಣಿನ ಮನೆಯಲ್ಲಿ ಬಾಗಿಲ ಕಡೆ ಕಿವಿಯಿಟ್ಟು ಕೂತ ಇನ್ನೊಬ್ಬಳು ತಾಯಿ ಅವಳ ಕಣ್ಣಿಗೆ ಕಟ್ಟಿದಳು. ಛೀ, ಅಂದುಕೊಂಡಳು.

ಏಳಲಿದ್ದ ಕೈ ತಲೆಗೆ ಹೋಯಿತು. ತಲೆವಸ್ತ್ರವನ್ನು ಕಿತ್ತಳು. ನರೆತ ಕೂದಲು ಗಾಳಿಗೆ ಬಿಚ್ಚಿಕೊಂಡಿತು. ಸೀದಾ ಬಂಡೆಯ ತುದಿಗೆ ನಡೆದು, ಕಣ್ಣನ್ನು ಆಕಾಶಕ್ಕೆ ನೆಟ್ಟು, ಗಂಟಲು ಹರಿಯುವಂತೆ ಕೂಗಿದಳು.

"ಖುರೈಷ ಕುಲದ ಜನರೇ, ಕೇಳಿ! ನಾನು ಕಲದಾನ ತಂಗಿ ಉಮೈಮಾ, ಕಲದಾನ ಮನೆಯವಳು! ಕೆಳಗಿರೋ ಯಾತ್ರಿಕರಿಗೆಲ್ಲ, ಒಬ್ಬರನ್ನೂ ಬಿಡದೆ, ಅವರವರ ಮನೆ ಬಾಗಿಲು ಮುಟ್ಟೋ ತನಕ ನಾನು ಅಭಯ ಕೊಟ್ಟಿದ್ದೀನಿ!"

ವಸ್ತ್ರವನ್ನು ನೆಲಕ್ಕೆಸೆದಳು.

ಯಾರೋ ಒಬ್ಬ ಕಿಸಕ್ಕೆಂದ, ಇನ್ನೊಬ್ಬ ನಕ್ಕ, ನಗೆ ಬಂಡೆಯಿಂದ ಬಂಡೆಗೆ ಹಬ್ಬಿತು. "ಎರಡು ಸಾವಿರ ಜನಕ್ಕಂತೆ! ಒಂದು ಮುಂಡೆಯ ಅಭಯ!" "ಒಂಟೆಗಳನ್ನ ಯಾಕಮ್ಮ ಬಿಟ್ಟೆ, ಅವಕ್ಕೂ ಕೊಡು!" ಹರ್ಮಲಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹುನೈದಾ ಒಬ್ಬಳೇ ಬಾಯಿ ಮುಚ್ಚಿ ಕೂತಿದ್ದಳು. ಅವಳ ಜನ್ಮದಲ್ಲೇ ಅಪರೂಪ ಅದು.

ಉಮೈಮಾ ಕಲ್ಲಾಗಿ ನಿಂತಿದ್ದಳು. ವಸ್ತ್ರವನ್ನು ಮನೆಯ ಗಂಡಸು ಎತ್ತಿಕೊಂಡರೆ ಅವಳ ಮಾತು ಅವನ ಮಾತು. ಎತ್ತದೆ ಬಿಟ್ಟರೆ ಅಭಯವೂ ಇಲ್ಲ, ಅವಳಿಗೆ ಮನೆಯೂ ಇಲ್ಲ. ಕಲದಾ ಬರುವ ಹೆಜ್ಜೆ ಕೇಳಿಸಿತು. ಬೆನ್ನ ಹಿಂದೆ ನಿಂತ. ಬಂಡೆಯ ತುದಿ ಅದು, ಒಂದು ಕೈ ಸಾಕಿತ್ತು ತಳ್ಳಲು. ಅವಳು ಕಣ್ಣು ಮುಚ್ಚಿದಳು.

ತಲೆಯ ಮೇಲೆ ಬಟ್ಟೆ ಬಿತ್ತು. ಮೆಲ್ಲಗೆ ಹೊದಿಸಿ, ಗಲ್ಲದ ಕೆಳಗೆ ಸರಿಮಾಡಿ, ಕಲದಾ ಜನರ ಕಡೆ ತಿರುಗಿದ.

"ಯಾವನಲೇ ನಕ್ಕಿದ್ದು? ಇವಳು ನನ್ನ ಮನೆಯವಳು. ಇವಳು ಕೊಟ್ಟ ಅಭಯ ನಾನು ಕೊಟ್ಟಿದ್ದು. ಕೆಳಗಿನವರ ಒಂದು ಕೂದಲು ಕೊಂಕಿಸಿದವನಿಗೂ ನನಗೂ ಹಗೆ. ಹರ್ಮಲಾ, ನೀನೂ ಕೇಳಿಸ್ಕೋ."

ನಗೆ ನಿಂತಿತು. ಹಿರಿಯರೊಬ್ಬರು, "ಸರಿ ಬಿಡಪ್ಪ, ಒಪ್ಪಂದ ಉಳೀತು," ಎಂದು ಎದ್ದರು. ಹರ್ಮಲಾ ಏನೋ ಗೊಣಗಿ ಉಗುಳಿ ಹೊರಟುಹೋದ. ಹೇಳಿಕೊಟ್ಟು ಬೆಂಕಿ ಕಾಯುವವರೆಲ್ಲ ಹೀಗೇ, ಉರಿ ತಣ್ಣಗಾದರೆ ಅಲ್ಲಿ ನಿಲ್ಲುವುದಿಲ್ಲ.

ಅಣ್ಣ ತಂಗಿ ಇಬ್ಬರೇ ಉಳಿದರು. ಕಲದಾ ಬಿಲ್ಲಿನ ನರ ಬಿಚ್ಚಿ ಸುರುಳಿ ಸುತ್ತುತ್ತಿದ್ದ.

"ಮೊದಲನೇ ದಿನವೇ ಗುರುತು ಹಿಡಿದೆ," ಅಂದ. "ಎಡಗಾಲು ಒಳಕ್ಕೆ ಎಳೀತಾನೆ, ನಮ್ಮಪ್ಪನ ಹಾಗೆ. ಬಿದ್ದವನಲ್ಲ, ಬಿದ್ದವನ ತೋಳು ಹಿಡಿದು ಎತ್ತಿದವನು."

"ಗೊತ್ತಿತ್ತಾ? ಮತ್ತೆ ಯಾಕಣ್ಣ ನನ್ನ ಪ್ರಾಣ ಹಿಂಡಿದೆ?"

"ಅವರೆಲ್ಲ ಕಿವಿಗೊಟ್ಟು ನಿಂತಿದ್ರಲ್ಲ. ಕೇಳಬೇಕಿತ್ತು, ಕೇಳಿದೆ. ಎಲ್ಲಿ ನೀನು ತೋರಿಸಿಬಿಡ್ತೀಯೋ ಅಂತ ನನಗೆ ನಿದ್ದೆ ಇಲ್ಲ ತಂಗಿ. ತೋರಿಸಿದ್ರೆ ನಾನು ಹೋಗಲೇಬೇಕಾಗಿತ್ತು. ಆಣೆ ಮಾಡಿದವನು. ನೀನು ಅಭಯ ಕೊಟ್ಟು ಆ ಕಟ್ಟು ಬಿಡಿಸಿದೆ." ಬಿಲ್ಲನ್ನು ಕೆಳಗಿಟ್ಟ. "ನೌಫಲನೂ ಹಾಗೇ ಕಾಲು ಎಳೀತಿದ್ದನಲ್ಲೇ. ನಿನ್ನ ಮಗ ಓಡಿಬಂದಾಗ ನನ್ನ ಮಗನೇ ಬಂದ ಅಂದ್ಕೊಂಡುಬಿಟ್ಟೆ. ಆ ನಡಿಗೆಗೆ ಹೇಗೆ ಬಾಣ ಬಿಡಲಿ, ಹೇಳು?"

ಉಮೈಮಾ ಅವನ ಜಡೆಗಟ್ಟಿದ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು. ಐದು ವರ್ಷ ಆ ಮನೆಯಲ್ಲಿ ಅಳದೆ ಇಟ್ಟುಕೊಂಡದ್ದೆಲ್ಲ ಬಂತು. ಕೆಳಗೆ ಒಂಟೆಗಳ ಗಂಟೆ ಸದ್ದು ದೂರವಾಗುತ್ತಿತ್ತು.

ಕಲದಾ ಕಣ್ಣೊರೆಸಿಕೊಂಡು ಕೇಳಿದ, "ದೊಡ್ಡವನಾಗಿದ್ದಾನೆ, ಅಲ್ವಾ?"

ಅವಳು ತಲೆ ತಗ್ಗಿಸಿದಳು.

"ಏನೇ, ನೀನು ನೋಡಲಿಲ್ವಾ?"

"ಇಲ್ಲ."

"ಮೂರು ದಿನ ಇಲ್ಲೇ ಕೂತಿದ್ದು? ಒಂದು ಸಲಾನೂ?"

"ನೋಡಿದ್ರೆ ನಿನಗೆ ಗೊತ್ತಾಗಿಬಿಡ್ತಿತ್ತಲ್ಲಣ್ಣ."

ಕಲದಾ ಅವಳ ಮುಖವನ್ನೇ ನೋಡಿದ. ಆಮೇಲೆ ದಡಬಡಿಸಿ ಎದ್ದು, ಅವಳ ತೋಳು ಹಿಡಿದು ಬಂಡೆಯ ತುದಿಗೆ ಎಳೆದುಕೊಂಡು ಹೋದ. ಯಾತ್ರಿಕರ ಕೊನೆಯ ಸಾಲು ಗುಡ್ಡದ ಬುಡ ದಾಟಿ ತಿರುವಿನ ಕಡೆ ಹೋಗುತ್ತಿತ್ತು. ವ್ರತ ಮುಗಿಸಿ ಎಲ್ಲರೂ ತಲೆ ಬೋಳಿಸಿಕೊಂಡಿದ್ದರು. ಎಲ್ಲವೂ ಒಂದೇ ಥರದ ಬೆನ್ನು. ಉಮೈಮಾಳ ಕಣ್ಣು ಗಾಬರಿಯಿಂದ ಒಂದರಿಂದ ಇನ್ನೊಂದಕ್ಕೆ ಹಾರಿತು. ಯಾವನು? ಅವಳಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಹೆತ್ತ ಕಣ್ಣಿಗೆ ಗೊತ್ತಾಗಲಿಲ್ಲ.

"ಯಾರಣ್ಣ? ಯಾವನು? ಬೇಗ ಹೇಳು!"

ಕಲದಾ ಅವಳ ಹಿಂದೆ ನಿಂತು, ಗಲ್ಲ ಹಿಡಿದು ಮುಖ ತಿರುಗಿಸಿ, ಬಾಣ ಹಿಡಿಯಬೇಕಿದ್ದ ಕೈಯನ್ನು ಅವಳ ಹೆಗಲ ಮೇಲಿಂದ ನೀಳವಾಗಿ ಚಾಚಿದ.

"ಆ ಕರೀ ಒಂಟೆ ಇದೆಯಲ್ಲ, ಅದರ ಬಾಲದ ಹಿಂದೆ. ಹೆಗಲ ಮೇಲೆ ನೀರಿನ ಚೀಲ. ಕಾಲು ನೋಡು, ಎಡಗಾಲು."

ಹುಟ್ಟಿದ ಏಳನೆಯ ದಿನ ಬೋಳಿಸಿದಾಗ ಇದ್ದಂತೆಯೇ ಇತ್ತು ಆ ತಲೆ. ಎಡಗಾಲನ್ನು ಒಳಕ್ಕೆಳೆಯುತ್ತಾ, ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸುತ್ತಾ ಅವನು ನಡೆಯುತ್ತಿದ್ದ. ಉಮೈಮಾ ರೆಪ್ಪೆ ಹೊಡೆಯಲಿಲ್ಲ. ತಿರುವು ಬರಲು ಇನ್ನೂ ಸ್ವಲ್ಪ ದಾರಿಯಿತ್ತು, ಅಷ್ಟು ದಾರಿಯನ್ನೂ ನೋಡಿದಳು.